ಬೆಕ್ಕಿನ ಕಣ್ಣು ತೆಗೆಯಲು ಹೂವಿನ ಅಪ್ಪಣೆ

ನಮ್ಮ ಪಶುವೈದ್ಯ ಇಲಾಖೆಯಿಂದ ನಿವೃತ್ತರಾದವರು ಎಲ್ಲಿ ಸೇರಿದರೂ ಚಹಾ ತಣಿಯುವುದರೊಳಗೆ ಬೆಳಂಬಾರದ ಬೆಕ್ಕಿನ ಕಥೆ ಬಂದೇ ಬರುತ್ತದೆ. ಅವರು ಹೇಳುವುದು ಹೀಗೆ: ಕಾರವಾರ ದವಾಖಾನೆಯ ಮುಖ್ಯಸ್ಥ ರಾವಸಾಹೇಬರು ಅಂಕೋಲೆ ಕಡೆ ತಪಾಸಣೆಯ ಫಿರತಿ ಹೋಗಿದ್ದಾಗ ಒಬ್ಬ ಬಡವಿ ಅಳುತ್ತಾ ಬೆಕ್ಕು ತಂದಳು. ರಾವಸಾಹೇಬರು ಕುದುರೆಯಿಂದ ಇಳಿದು, ಕ್ಷೌರದ ಕತ್ತಿ ತರಿಸಿ, ಒಂದೇ ಏಟಿಗೆ ಒಡೆದ ಕಣ್ಣನ್ನು ತೆಗೆದರು. ಬೆಕ್ಕು ಅದೇ ಸಂಜೆ ಇಲಿ ಹಿಡಿಯಿತು.

ಕಥೆ ಚೆನ್ನಾಗಿದೆ. ತೊಂದರೆ ಒಂದೇ, ಅದರಲ್ಲಿ ಬೆಕ್ಕಿನ ಹೊರತು ನಿಜವಾದದ್ದು ಏನೂ ಇಲ್ಲ. ಆ ದಿನ ರಾವಸಾಹೇಬರು ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಕಾರವಾರದ ಮನೆಯಲ್ಲಿ ಮಲಗಿದ್ದರು. ಅವರಿಗೊಂದು ಕುದುರೆಯಿತ್ತು, ಒಪ್ಪುತ್ತೇನೆ. ಅದು ಅಂಕೋಲೆಯ ದಾರಿಯ ಬಿಣಗಾ ಘಟ್ಟ ಹತ್ತುವುದನ್ನು ನಾನು ಕೆಲಸಕ್ಕೆ ಸೇರುವ ಮೊದಲೇ ಬಿಟ್ಟಿತ್ತು. ಬೆಕ್ಕು ತಂದವಳು ಬಡವಿಯಲ್ಲ, ಅವಳು ಅಳಲೂ ಇಲ್ಲ, ನನ್ನನ್ನು ಬೈಯುತ್ತಿದ್ದಳು. ಕ್ಷೌರದ ಕತ್ತಿಯಿಂದ ಒಂದೇ ಏಟಿಗೆ ಬೆಕ್ಕಿನ ಕಣ್ಣು ತೆಗೆಯಬಹುದು ಎನ್ನುವವರು ದಯವಿಟ್ಟು ಮೊದಲು ಬೆಕ್ಕನ್ನು ಹಿಡಿದು ತೋರಿಸಲಿ. ಇನ್ನು ಇಲಿಯ ಮಾತು. ಕ್ಲೋರೋಫಾರ್ಮ್ ಮೂಸಿ ಎದ್ದ ಬೆಕ್ಕಿಗೆ ಸಂಜೆಗೆ ತನ್ನ ಬಾಲವೇ ಸಿಗುವುದಿಲ್ಲ.

ಅಂಕೋಲೆಯಲ್ಲಿ ಇನ್ನೊಂದು ಕಥೆಯಿದೆ. ದೇವರ ಹೂವು ಬಲಕ್ಕೆ ಬಿತ್ತು, ಬೆಕ್ಕಿನ ಕೆಟ್ಟ ಕಣ್ಣು ತಾನಾಗಿ ಉದುರಿತು ಎಂದು. ಹೂವು ಬಿದ್ದದ್ದು ನಿಜ. ಕಣ್ಣು ಉದುರಲಿಲ್ಲ, ಉದುರಿದ್ದರೆ ಅಂದು ನನ್ನ ಬೆನ್ನು ಅಷ್ಟು ನೋಯುತ್ತಿರಲಿಲ್ಲ.

ಎರಡೂ ಕಥೆಗಳು ತಪ್ಪುವುದು ಒಂದೇ ಕಡೆ. ಅಲ್ಲಿ ಕಷ್ಟದ ವಿಷಯ ಕಣ್ಣೇ ಆಗಿರಲಿಲ್ಲ. ‘ತೆಗೆಯಿರಿ’ ಎಂದು ಬಾಯಿಬಿಟ್ಟು ಹೇಳುವವರು ಯಾರು ಎಂಬುದೇ ಕಷ್ಟವಾಗಿತ್ತು. ಈಗ ಇಲಾಖೆಗೆ ಸೇರುವ ಹುಡುಗ ಹುಡುಗಿಯರು ಇದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಕತ್ತರಿ ಹಿಡಿಯುವುದನ್ನು ನಿಮಗೆ ಕಾಲೇಜು ಕಲಿಸುತ್ತದೆ. ಅಂಗಳದಲ್ಲಿ ನಿಂತವರನ್ನು ಎದುರಿಸುವುದನ್ನು ಯಾರೂ ಕಲಿಸುವುದಿಲ್ಲ.

ಮೂವತ್ತರ ದಶಕದ ಮೊದಲ ಭಾಗ. ನಾನು ಮುಂಬಯಿಯಲ್ಲಿ ಓದಿ, ಅಲ್ಲಿನ ಚರ್ಚಾಕೂಟಗಳಲ್ಲಿ ಎದುರು ಪಕ್ಷದವರ ಬಾಯಿ ಮುಚ್ಚಿಸಿ, ಲೋಕದಲ್ಲಿ ವಾದದಿಂದ ಸಾಧ್ಯವಾಗದ್ದು ಇಲ್ಲ ಎಂಬ ನಂಬಿಕೆಯೊಡನೆ ಕಾರವಾರಕ್ಕೆ ಬಂದೆ. ದವಾಖಾನೆ ಎಂದರೆ ಸಮುದ್ರದ ಗಾಳಿಗೆ ಹಂಚು ಜಾರುವ ಎರಡು ಕೋಣೆ. ಮುಂದೆ ದನ ಕಟ್ಟುವ ಮರದ ಚೌಕಟ್ಟು. ನಮ್ಮ ಕೆಲಸ ಎತ್ತು, ಎಮ್ಮೆ, ಹೋರಿ. ದೊಡ್ಡರೋಗ ಬಂದರೆ ಊರೂರಿಗೆ ಹೋಗಿ ಸೂಜಿ ಹಾಕುವುದು. ನಾಯಿಗಳು ಅಪರೂಪಕ್ಕೆ ಬರುತ್ತಿದ್ದವು, ಅವೂ ಸಾಹೇಬರ ಬಂಗಲೆಯವು. ಬೆಕ್ಕಿಗೂ ವೈದ್ಯರಿದ್ದಾರೆ ಎಂದು ಕಾರವಾರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

ಮೊದಲ ಬೆಕ್ಕು ಬಂದದ್ದು ಒಬ್ಬ ವಕೀಲರ ಮನೆಯಿಂದ. ಕಣ್ಣು ಊದಿತ್ತು. ನಮ್ಮ ಕಾಂಪೌಂಡರ್ ಪೇದ್ರು ಎತ್ತಿನ ಮೂಗು ಹಿಡಿದು ನೆಲಕ್ಕೆ ಬಗ್ಗಿಸುವ ಗಟ್ಟಿಗ. ಬೆಕ್ಕಿನ ಬುಟ್ಟಿಯ ಮುಚ್ಚಳ ತೆಗೆಯುವಾಗ ಮಾತ್ರ ಶಿಲುಬೆಯ ಗುರುತು ಹಾಕಿಕೊಂಡ. ಮುಚ್ಚಳ ತೆರೆದದ್ದಷ್ಟೇ ನಮಗೆ ನೆನಪು. ಬೆಕ್ಕು ಪೇದ್ರುವಿನ ಹೆಗಲಿನಿಂದ ಬಾಟಲಿಗಳ ಕಪಾಟಿಗೆ, ಅಲ್ಲಿಂದ ಒಳಕೋಣೆಗೆ, ಅಲ್ಲಿ ಪೇಪರು ಓದುತ್ತಿದ್ದ ರಾವಸಾಹೇಬರ ಪಗಡಿಯ ಮೇಲೆ.

“ಅರೇ, ಹೇ ಕಾಯ್?” ಎಂದರು ರಾವಸಾಹೇಬರು, ಇದೇನು ಎಂದು ತಮ್ಮ ಮರಾಠಿಯಲ್ಲಿ. ಪಗಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಲುಗಾಡದೆ ಕುಳಿತಿದ್ದರು.

“ರೋಗಿ, ಸಾಹೇಬರೇ.”

“ಬೆಕ್ಕು ಜನಾವರ ಅಲ್ಲ. ಈ ದವಾಖಾನಿ ಜನಾವರಕ್ಕೆ ಇರೋದು.”

ನಾನು ಬಿಡುವವನೇ? ನಾಲ್ಕು ಕಾಲಿದೆ, ಬಾಲವಿದೆ, ಮನೆಯವರು ಸಾಕಿದ್ದಾರೆ, ಮರಿ ಹಾಕುತ್ತದೆ, ಹಾಲು ಕೊಡುತ್ತದೆ ಎಂದು ಪಟ್ಟಿ ಒಪ್ಪಿಸಿದೆ.

“ಹಾಲು ಕೊಡೋದು ಜನಾವರ,” ಎಂದರು ಅವರು. “ಹಾಲು ಕುಡಿಯೋದು ಜನಾವರ ಅಲ್ಲ. ಹೊರಗೆ ಒಯ್ಯಿ.”

ಬೆಕ್ಕು ಕಿಟಕಿಯಿಂದ ಹಾರಿ ವಕೀಲರ ಮನೆಗೆ ತಾನೇ ಹೋಯಿತು. ಕಣ್ಣು ಬೋರಿಕ್ ನೀರಿಗೆ ವಾಸಿಯಾಯಿತು.

ರಾವಸಾಹೇಬರ ಇನ್ನೊಂದು ಕಟ್ಟಪ್ಪಣೆ ಇತ್ತು. ನನಗಿಂತ ಮೊದಲಿದ್ದವರು ಅಮದಳ್ಳಿಯಲ್ಲಿ ಹೋರಿಯ ಬೀಜ ಒಡೆಯಲು ಹೋಗಿ, ಪಕ್ಕದ ಮನೆಯವರು ಗೂಳಿ ಬಿಡಲೆಂದು ಸಾಕಿದ್ದ ಹೋರಿಯನ್ನು ಕೆಡವಿ ಕೆಲಸ ಮುಗಿಸಿಬಿಟ್ಟಿದ್ದರು. ಮೇಲೆದ್ದ ಹೋರಿಯ ಮುಖ ನೋಡಿದ ಮೇಲೆ ತಪ್ಪು ಗೊತ್ತಾಯಿತಂತೆ. ಅಂದಿನಿಂದ ಅಪ್ಪಣೆ: ಪ್ರಾಣಿಯ ಯಜಮಾನ, ನಾಲ್ಕು ಜನರ ಎದುರು, ‘ಮಾಡಿ’ ಎಂದು ಬಾಯಿಬಿಟ್ಟು ಹೇಳದೆ ಕತ್ತಿ ಹಿಡಿಯಬಾರದು. ಒಳ್ಳೆಯ ಅಪ್ಪಣೆ. ಅದೇ ನನ್ನನ್ನು ಬೆಳಂಬಾರದಲ್ಲಿ ಸಿಕ್ಕಿಸಿತು.

ಬೆಳಂಬಾರಕ್ಕೆ ನಾನೂ ಪೇದ್ರುವೂ ಹೋದದ್ದು ಎತ್ತುಗಳಿಗೆ ಸೂಜಿ ಹಾಕಲು. ಸಮುದ್ರದ ದಂಡೆಯಲ್ಲಿ ಮೀನುಗಾರರ ಮನೆಗಳು, ಅದಕ್ಕೆ ತಾಗಿ ಗದ್ದೆ, ಗದ್ದೆಯಾಚೆ ಕೊಪ್ಪ, ಅಂದರೆ ಗೌಡರ ಮನೆಗಳ ಕೇರಿ. ಸೂಜಿಯ ಕೆಲಸ ಮುಗಿದು ಕೊಪ್ಪದ ದೊಡ್ಡ ಮನೆಯ ಅಂಗಳದಲ್ಲಿ ಎಳನೀರು ಕುಡಿಯುತ್ತಿದ್ದಾಗ ಬೀರಮ್ಮ ಒಳಗಿನಿಂದ ಬಂದಳು. ಆ ಮನೆಯ ಯಜಮಾನಿ, ಕೊರಳ ತುಂಬ ಮಣಿಸರ, ಕಂಕುಳಲ್ಲಿ ಬುಟ್ಟಿ.

“ನೀ ದನಕೆ ಮಾತ್ರ ಡಾಕ್ಟ್ರಾ, ಬೆಕ್ಕಿಗೂ ಹೌದಾ?”

ಹಾಲಿನ ವಾದ ನೆನಪಾಯಿತು. ಆದರೂ ಹೌದೆಂದೆ.

ಬುಟ್ಟಿಯಲ್ಲಿ ಬೂದುಬಣ್ಣದ ಹೆಣ್ಣುಬೆಕ್ಕು. ಎಡಗಣ್ಣು ಒಡೆದು, ಊದಿ, ಕೀವು ಸೋರುತ್ತಿತ್ತು. ಜ್ವರದಿಂದ ಮೈ ಕಾದಿತ್ತು. ಅದು ಸಾಮಾನ್ಯ ಬೆಕ್ಕಲ್ಲ. ಬೀರಮ್ಮನ ಅಟ್ಟದಲ್ಲಿ ಇಡೀ ಕೊಪ್ಪದ ಬೀಜದ ಭತ್ತವನ್ನು ಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಆ ಮುಡಿಗಳಿಗೆ ಇಲಿ ಬಾಯಿ ಹಾಕದಂತೆ ಕಾಯುವ ಬೆಕ್ಕು. ಆದರೆ ಅಟ್ಟದಲ್ಲಿ ಪಹರೆ ಮುಗಿಸಿ ಅದು ಹೋಗುತ್ತಿದ್ದದ್ದು ಗದ್ದೆಯಾಚೆಯ ಶೇವಂತಿಯ ಅಂಗಳಕ್ಕೆ. ಅಲ್ಲಿ ಅದು ಕಾವಲುಗಾರನಲ್ಲ, ಕಳ್ಳ.

ಶೇವಂತಿಯ ಗಂಡ ದೋಣಿಯಲ್ಲಿ ಗಾಳ ಬಿಟ್ಟು ಮೀನು ಹಿಡಿಯುವವನು. ಗಾಳದ ಹಗ್ಗವನ್ನು ಬೇಲಿಯ ಮೇಲೆ ಒಣಹಾಕಿದ್ದರು; ಒಂದೆರಡು ಕೊಕ್ಕೆಗಳಲ್ಲಿ ಮೀನಿನ ತುಂಡು ಉಳಿದಿತ್ತು. ಬೆಕ್ಕು ಹಾರಿತು, ಕೊಕ್ಕೆ ಕಣ್ಣಿಗೆ ಹೊಕ್ಕಿತು. ಶೇವಂತಿಯೇ ಕೂಗು ಕೇಳಿ ಓಡಿಬಂದು, ಹಗ್ಗ ಕತ್ತರಿಸಿ, ಗಂಡನಿಂದ ಕೊಕ್ಕೆ ತೆಗೆಸಿ, ಬೆಕ್ಕನ್ನು ಸೆರಗಿನಲ್ಲಿ ಸುತ್ತಿ ತಂದುಕೊಟ್ಟಿದ್ದಳು. ಆದರೂ ಕೊಪ್ಪದಲ್ಲಿ ಒಂದು ಮಾತು ಹಬ್ಬಿತ್ತು: ಕಳ್ಳಬೆಕ್ಕನ್ನು ಹಿಡಿಯಲೆಂದೇ ಅವಳು ಮೀನು ಸಿಕ್ಕಿಸಿ ಇಟ್ಟಿದ್ದಳು ಎಂದು.

ಬೆಕ್ಕು ಕೊಂದ ಪಾಪದ ಬಗ್ಗೆ ಈಗಿನವರಿಗೂ ಗೊತ್ತಿದೆ. ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ತೊಳೆಯುವುದು ಕಷ್ಟ ಎನ್ನುತ್ತಾರೆ. ಚಿನ್ನ ಕಾಣದ ಶೇವಂತಿಗೆ ಅದಕ್ಕಿಂತ ಹತ್ತಿರದ ಭಯವಿತ್ತು. ಅವಳು ವರ್ಷವಿಡೀ ಕೊಪ್ಪದ ಮನೆಗಳಿಗೆ ಮೀನು ಕೊಡುತ್ತಿದ್ದಳು. ಸುಗ್ಗಿಯಲ್ಲಿ ಅವರು ಅವಳಿಗೆ ಭತ್ತ ಅಳೆಯುತ್ತಿದ್ದರು. ಅದೇ ಅವಳ ಮನೆಯ ಅನ್ನ. ಬೆಕ್ಕು ಸತ್ತರೆ ಪಾಪ ಹೊತ್ತವಳ ಕೈಯ ಮೀನು ಯಾರೂ ಮುಟ್ಟುವಂತಿಲ್ಲ. ಬೀರಮ್ಮನ ಅಂಗಳ ಮುಚ್ಚಿದರೆ ಕೊಪ್ಪದ ಎಲ್ಲ ಅಂಗಳಗಳೂ ಮುಚ್ಚಿದಂತೆ. ನಾನು ಬೆಕ್ಕು ನೋಡುತ್ತಿದ್ದಾಗ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಬೇಲಿಯ ಹೊರಗೆ ನಿಂತಿದ್ದಳು. ತುಂಬಿದ ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಕು. ಆ ದಿನ ಯಾರೂ ಕೈ ಕೊಟ್ಟಿರಲಿಲ್ಲ.

“ಈ ಕಣ್ಣು ಉಳಿಯುವುದಿಲ್ಲ,” ಎಂದೆ. “ಹಾಗೇ ಬಿಟ್ಟರೆ ಕೀವು ತಲೆಗೆ ಏರಿ ಬೆಕ್ಕು ಸಾಯುತ್ತದೆ. ಕಣ್ಣು ತೆಗೆದರೆ ಬದುಕಬಹುದು. ಬೀರಮ್ಮ, ನೀವು ಮಾಡಿ ಅಂದರೆ ಮಾಡುತ್ತೇನೆ.”

“ಬದುಕಬಹುದು ಅಂದ್ರೆ ಎಂತ? ಬದುಕ್ತದೋ ಇಲ್ಲೋ?”

“ಖಂಡಿತ ಹೇಳಲಾಗದು.”

“ಹಾಗಾರೆ ನಾ ಹೇಳೂದಿಲ್ಲ. ನಾ ‘ಮಾಡು’ ಅಂದು ಅದು ಸತ್ರೆ ಪಾಪ ನನ್ನ ತಲೆಗೆ ಬತ್ತದೆ. ನೀನೇ ಮಾಡು.”

“ನೀವು ಹೇಳದೆ ನಾನು ಮಾಡುವಂತಿಲ್ಲ.”

“ಮಾಡೂಕೆ ಬರೂದಿಲ್ಲ ಅಂದ್ಕಂಡು ಹೇಳು ಮತ್ತೆ. ಸುಮ್ನೆ ಎಳನೀರು ಕುಡದೆ.”

ಊರಗೌಡರು ಬಂದರು. ಹಮ್ಮಣ್ಣ ಗೌಡರು ಎಂದು ಅವರ ಹೆಸರು, ಕೊಪ್ಪದ ನ್ಯಾಯ ಹೇಳುವವರು. ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ ವಿಷಯ ಕೇಳಿದರು. ನಾನು ಹಳೆಯ ಚರ್ಚಾಕೂಟದ ಉತ್ಸಾಹದಲ್ಲಿ ಎದ್ದು ನಿಂತು, ಪಾಪವೇ ತೊಡಕಾದರೆ ಅದು ನನಗೇ ಬರಲಿ ಎಂದೆ.

“ನಿಮಗೆ ಬರೂದಿಲ್ಲ ಒಡ್ಯಾ,” ಎಂದರು ಗೌಡರು ಬಹಳ ಮೃದುವಾಗಿ. “ನೀವು ಸರ್ಕಾರದ ಜನ. ಸರ್ಕಾರಕೆ ಪಾಪ ತಟ್ಟೂದಿಲ್ಲ. ತಟ್ಟೂದಾಗಿದ್ರೆ ಇಷ್ಟೊತ್ತಿಗೆ ತಟ್ತಿತ್ತು.”

ಪೇದ್ರು ಮುಖ ಆಚೆ ತಿರುಗಿಸಿ ಕೆಮ್ಮಿದ.

“ಹಾಗಾದರೆ ಪಾಪ ಯಾರಿಗೆ?”

“ಗಾಳ ಯಾರದ್ದೋ ಅವ್ರಿಗೆ.”

ಬೇಲಿಯ ಹೊರಗಿನಿಂದ ಶೇವಂತಿ ಹೇಳಿದಳು: “ಗಾಳ ನಮ್ದೇ ಗೌಡ್ರೆ. ಆದ್ರೆ ಬೆಕ್ಕನ್ನ ಊಟಕ್ಕೆ ನಾ ಕರೀಲಿಲ್ಲ. ಅದ್ರ ಮನೆಯವ್ರು ಹೊಟ್ಟೆ ತುಂಬ ಹಾಕಿದ್ರೆ ಅದು ಎಂತಕೆ ನಮ್ಮಲ್ಲಿ ಬತ್ತಿತ್ತು?”

“ಹೊಟ್ಟೆ ತುಂಬ ಹಾಕಿದ್ರೆ ಅದು ಇಲಿ ಹಿಡಿತದ್ಯೇ, ಮಳ್ಳಿ?” ಎಂದಳು ಬೀರಮ್ಮ.

ಬೆಕ್ಕು ಬುಟ್ಟಿಯೊಳಗೆ ನರಳಿತು. ಕೊನೆಗೆ ಗೌಡರು ಎದ್ದು ಪಂಚೆ ಕೊಡವಿಕೊಂಡರು. “ಮನುಷ್ಯರು ಹೇಳೂಕಾಗದ್ದನ್ನ ದೇವ್ರ ಹತ್ರ ಕೇಳ್ವ. ಹೂ ಕೇಳ್ವ.”

ಹೂ ಕೇಳುವುದೆಂದರೆ ಈ ಕಡೆ ಎಲ್ಲರಿಗೂ ಗೊತ್ತು. ಕೊಪ್ಪದ ತುದಿಯಲ್ಲಿ ಮರದ ಬುಡಕ್ಕೆ ದೇವರ ಕಲ್ಲು. ಪೂಜೆ ಮಾಡುವ ಗುನಗ ಕೇಪಳದ ಹೂವನ್ನು ನೀರಲ್ಲಿ ಅದ್ದಿ ಕಲ್ಲಿನ ಎಡಬಲಕ್ಕೆ ಅಂಟಿಸುತ್ತಾನೆ. ಪ್ರಶ್ನೆ ಕೇಳಬೇಕು, ಕಾಯಬೇಕು. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡದ್ದಾದರೆ ಇಲ್ಲ. ನಾನು ಇಂಥದ್ದನ್ನೆಲ್ಲ ಮುಂಬಯಿಯ ವೇದಿಕೆಯಲ್ಲಿ ಚಿಂದಿ ಮಾಡಿದವನು. ಇಲ್ಲಿ ಕೈಕಟ್ಟಿ ನಿಂತೆ. ಸತ್ಯ ಹೇಳುವುದಾದರೆ ನನಗೂ ಯಾರಾದರೊಬ್ಬರು ‘ಮಾಡಿ’ ಅಂದರೆ ಸಾಕಿತ್ತು, ಕಲ್ಲಾದರೂ ಆದೀತು. ರಾವಸಾಹೇಬರ ಅಪ್ಪಣೆಯಲ್ಲಿ ಕಲ್ಲು ಹೇಳಬಾರದೆಂದು ಇರಲಿಲ್ಲ.

ಗೌಡರು ಕೈಮುಗಿದು ಕೇಳಿದರು: “ತಂದೆ, ಈ ಬೆಕ್ಕಿನ ಕಣ್ಣು ತೆಗೂಕೆ ನಿನ್ನ ಒಪ್ಪಿಗೆ ಅದ್ಯಾ?”

ಎಡದ ಹೂ ಜಾರಿ ಬಿತ್ತು.

ಬೀರಮ್ಮ ನಿಟ್ಟುಸಿರು ಬಿಟ್ಟಳು. ಶೇವಂತಿ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನಗೆ ಸಿಟ್ಟು ಬಂತು. ದೇವರನ್ನು ನಂಬುವುದು ಬಿಡುವುದು ಬೇರೆ, ಪ್ರಶ್ನೆಯೇ ತಪ್ಪಾಗಿದ್ದರೆ ಸುಮ್ಮನಿರುವುದು ಹೇಗೆ?

“ಗೌಡರೇ, ದೇವರಿಗೆ ಇಲ್ಲದ್ದನ್ನು ಕೇಳಿದಿರಿ,” ಎಂದೆ.

“ಎಂತ ಇಲ್ದದ್ದು?”

“ಕಣ್ಣು ತೆಗೆಯಲೋ ಅಂತ ಕೇಳಿದಿರಿ. ಕಣ್ಣೆಲ್ಲಿದೆ ಅಲ್ಲಿ? ಕಣ್ಣನ್ನು ಗಾಳ ಎಂದೋ ತೆಗೆದಾಯಿತು. ಉಳಿದದ್ದು ಕೀವಿನ ಗಂಟು. ಇಲ್ಲದ ಕಣ್ಣು ತೆಗೆಯಲೋ ಅಂದರೆ ದೇವರು ಬೇಡ ಅನ್ನದೆ ಇನ್ನೇನು ಹೇಳಬೇಕು? ನೋವಿನ ಗಂಟು ತೆಗೆದು ಪ್ರಾಣ ಉಳಿಸಲು ನೋಡಲೋ ಅಂತ ಕೇಳಿ.”

“ಒಂದೇ ದಿನ ಎರಡು ಸಲ ಕೇಳೂಕಿಲ್ಲ,” ಎಂದ ಗುನಗ.

“ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬಾರದು. ಇದು ಬೇರೆ ಪ್ರಶ್ನೆ.”

ಗೌಡರು ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ ಯೋಚಿಸಿದರು. “ಮಾತು ಹೌದು,” ಎಂದರು. ಹೂ ಮತ್ತೆ ಅಂಟಿತು. ಪ್ರಶ್ನೆ ನನ್ನ ಮಾತಿನಲ್ಲೇ ಹೋಯಿತು. ಕಾದೆವು. ಬಲದ ಹೂ ಬಿತ್ತು.

ಹೊತ್ತೇರಿದ ಮೇಲೆ ಸಮುದ್ರದ ಗಾಳಿ ದಿಕ್ಕು ಬದಲಿಸುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಅಂದಾಜಿನಲ್ಲಿ ಗುನಗನಿಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಗೆದ್ದ ಪಕ್ಷದವನು ತೀರ್ಪುಗಾರನನ್ನು ಪ್ರಶ್ನಿಸುವ ಪದ್ಧತಿಯಿಲ್ಲ.

ಹೆಮ್ಮೆಯಿಂದ ತಿರುಗಿ ಬರುವಾಗ ಶೇವಂತಿ ದಾರಿಗೆ ಅಡ್ಡ ನಿಂತಳು.

“ಚೆಂದ ಮಾತಾಡಿದ್ರಿ ಡಾಕ್ಟ್ರೆ.”

“ಯಾಕೆ, ಏನಾಯಿತು?”

“ಈಗ ದೇವ್ರು ಒಪ್ಪಿದ. ಬೀರಕ್ಕ ಹೇಳಲಿಲ್ಲ, ಅವ್ಳಿಗೆ ಪಾಪ ಇಲ್ಲ. ನೀವು ಸರ್ಕಾರ, ನಿಮಗಿಲ್ಲ. ದೇವ್ರಿಗಂತೂ ಇಲ್ಲ. ಬೆಕ್ಕು ಸತ್ರೆ ಉಳ್ದವ್ಳು ನಾನೊಬ್ಬಳೇ ಅಲ್ದಾ? ಎಲ್ಲರನ್ನ ಬಿಡ್ಸಿ ಬಂದ್ರಿ.”

ಕಾಲೇಜಿನಲ್ಲಿ ಅವಳಂಥ ಎದುರಾಳಿ ನನಗೆ ಸಿಕ್ಕಿರಲಿಲ್ಲ. ಗೌಡರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಅವರ ಲೆಕ್ಕವೂ ಅದೇ ಇತ್ತು.

ಈಗ ಕೆಲಸದ ಮಾತು. ಬೆಕ್ಕಿನ ಕಣ್ಣು ತೆಗೆಯುವುದನ್ನು ನಾನು ಓದಿದ್ದೆ, ಮಾಡಿರಲಿಲ್ಲ. ಓದಿದ್ದೂ ಕುದುರೆಯ ಕಣ್ಣಿನ ವಿಷಯ. ಬೆಕ್ಕಿಗೆ ಪುಸ್ತಕ ಕೊನೆಯಲ್ಲಿ ಒಂದು ಸಾಲು ಕೊಟ್ಟಿತ್ತು, ‘ಇದೇ ರೀತಿ’ ಎಂದು. ಕ್ಲೋರೋಫಾರ್ಮಿಗೆ ಬೆಕ್ಕು ಬಲು ಸೂಕ್ಷ್ಮ. ಹೊಟ್ಟೆ ಖಾಲಿಯಿರಬೇಕು. ಅದು ಹಿಂದಿನ ದಿನದಿಂದ ಏನೂ ಮುಟ್ಟಿಲ್ಲ ಎಂದು ಬೀರಮ್ಮ ಹೇಳಿದ್ದಳು. ಇನ್ನೂ ಏನೂ ಕೊಡಬೇಡಿ ಎಂದು ನಾನು ಹೇಳಿದ್ದೆ. ಕತ್ತರಿ ಚಿಮಟ ಕುದಿಸಲು ಪಾತ್ರೆ ಕೇಳಿದರೆ ಬೀರಮ್ಮ ಕೊಡಲಿಲ್ಲ, ಅನ್ನ ಬೇಯುವ ಪಾತ್ರೆಯಲ್ಲಿ ಕತ್ತಿ ಬೇಯಿಸುತ್ತಾರೆಯೇ ಎಂದಳು. ಶೇವಂತಿ ತನ್ನ ಮನೆಗೆ ಹೋಗಿ, ಗಂಡನ ಕೈಯಿಂದ ಬುಟ್ಟಿ ಇಳಿಸಿಕೊಂಡು, ಮಣ್ಣಿನ ಗಡಿಗೆ ತಂದಳು. ನನ್ನ ಕತ್ತರಿಗಳು ಮೀನಿನ ವಾಸನೆಯಲ್ಲಿ ಕುದಿದವು.

ಬೆಕ್ಕನ್ನು ಕಟ್ಟುವುದೇ ದೊಡ್ಡ ಪ್ರಶ್ನೆಯಾಗಿತ್ತು. ಪೇದ್ರು ಹಿಂದೆ ಸರಿದ. ಬೀರಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಗೋಣಿ ಹಾಸಿ, ಬೆಕ್ಕನ್ನಿಟ್ಟು, ಭತ್ತದ ಮುಡಿ ಕಟ್ಟುವ ಹಾಗೆ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದಳು. ತಲೆ ಮಾತ್ರ ಹೊರಗೆ. ಒಂದು ಉಗುರೂ ಹೊರಬರಲಿಲ್ಲ. ಪೇದ್ರು ಮೆಚ್ಚಿ ನೋಡಿ, “ದೊತೋರ್, ಇವರನ್ನ ದವಾಖಾನೆಗೆ ಕರ್ಕೊಂಡು ಹೋಗುವ. ರಾವಸಾಹೇಬರಿಗೂ ಒಂದು ಕಟ್ಟಿಸುವ,” ಎಂದ.

ಜಗಲಿಯ ಮಣೆಯ ಮೇಲೆ ಬೆಕ್ಕು. ದಪ್ಪ ಕಾಗದದ ಕೊಳವೆಯಲ್ಲಿ ಹತ್ತಿ, ಹತ್ತಿಗೆ ಹನಿಹನಿಯಾಗಿ ಕ್ಲೋರೋಫಾರ್ಮ್. ಬೆಕ್ಕು ಸಡಿಲಾಯಿತು. ನಾನು ಚಿಮಟ ಎತ್ತಿದೆ. ಅಷ್ಟರಲ್ಲಿ ಅದರ ಗಂಟಲು ಗೊರಗುಟ್ಟಿ ಬಾಯಿಂದ ಹಾಲು, ಬೆಲ್ಲ, ಬಾಳೆಹಣ್ಣಿನ ಚೂರು ಬಂತು. ಉಸಿರು ನಿಂತಿತು.

ಪೇದ್ರುವಿನ ಭಯವೆಲ್ಲ ಆ ಕ್ಷಣ ಎಲ್ಲಿ ಹೋಯಿತೋ. ಬೆಕ್ಕಿನ ಮುಡಿಯನ್ನು ತಲೆಕೆಳಗು ಮಾಡಿ ಹಿಡಿದ. ನಾನು ಬಟ್ಟೆ ಸುತ್ತಿದ ಬೆರಳಿನಿಂದ ಬಾಯಿ ತೊಡೆದು, ನಾಲಗೆ ಹಿಡಿದು ಹೊರಗೆಳೆದೆ, ಗೋಣಿಯ ಮೇಲಿಂದ ಪಕ್ಕೆ ಒತ್ತಿದೆ. ಮತ್ತೆ ಒತ್ತಿದೆ. ಶೇವಂತಿ ಬೇಲಿ ದಾಟಿ ಯಾವಾಗ ಒಳಗೆ ಬಂದಳೋ ತಿಳಿಯದು. ನನ್ನ ಎದುರು ಕುಳಿತಿದ್ದಳು, ಬೆಕ್ಕಿನ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು.

ಬೆಕ್ಕು ಸೀನಿತು. ಆಮೇಲೆ ಉಸಿರಾಡಿತು.

“ಯಾರು ಹಾಲು ಕುಡಿಸಿದ್ದು?” ಎಂದೆ.

“ಕುಡಿಸಲಿಲ್ಲ, ಪ್ರಸಾದ ಕೊಟ್ಟೆ,” ಎಂದಳು ಬೀರಮ್ಮ. “ಹೂ ಕೊಟ್ಟ ಮೇಲೆ ಪ್ರಸಾದ ಕೊಡೂದಿಲ್ವಾ? ಅಪ್ಪಣೆ ಆದದ್ದು ಯಾರಿಗೆ? ಬೆಕ್ಕಿಗೆ.”

“ಹೊಟ್ಟೆಗೆ ಏನೂ ಕೊಡಬೇಡಿ ಅಂದಿದ್ದೆ.”

“ಊಟ ಕೊಡಬ್ಯಾಡ ಅಂದಿದ್ದೆ. ಪ್ರಸಾದ ಊಟ ಅಲ್ಲ. ದೇವ್ರು ಕೊಟ್ಟದ್ದು ಹೊಟ್ಟೆಗೆ ಭಾರ ಆಗ್ತದಾ?”

ಇದನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು. ಪುಸ್ತಕದಲ್ಲಿ ‘ಉಪವಾಸ’ ಎಂದಿರುತ್ತದೆ. ಜನರಿಗೆ ಉಪವಾಸ ಚೆನ್ನಾಗಿ ಗೊತ್ತು. ಉಪವಾಸದಲ್ಲಿ ಏನೇನು ತಿನ್ನಬಹುದು ಎಂಬುದು ಇನ್ನೂ ಚೆನ್ನಾಗಿ ಗೊತ್ತು. ಅಂದಿನಿಂದ ನಾನು ಊಟ, ತಿಂಡಿ, ಹಾಲು, ತೀರ್ಥ, ಪ್ರಸಾದ ಎಂದು ಒಂದೊಂದೇ ಹೆಸರು ಹಿಡಿದು ಬೇಡ ಎನ್ನುತ್ತಿದ್ದೆ. ಹೊಟ್ಟೆ ಖಾಲಿಯಾದದ್ದು ಹೇಗೂ ಒಳ್ಳೆಯದೇ ಆಯಿತು. ಮತ್ತೆ ಹನಿ ಹಾಕಿ ಕೆಲಸ ಹಿಡಿದೆ.

ರೆಪ್ಪೆ ಬಿಡಿಸಿ, ಬಾಗಿದ ಕತ್ತರಿಯಿಂದ ಗುಡ್ಡೆಯ ಸುತ್ತ ಪೊರೆಯನ್ನು ಬಿಡಿಸುತ್ತ ಬಂದೆ. ಗುಡ್ಡೆಯನ್ನು ಹಿಡಿದಿಟ್ಟ ಸ್ನಾಯುಗಳನ್ನು ಒಂದೊಂದಾಗಿ ಕತ್ತರಿಸಿದೆ. ಕೊನೆಗೆ ಉಳಿಯುವುದು ಹಿಂದಿನ ನರದ ತೊಟ್ಟು. ಅದನ್ನು ಮುಂದಕ್ಕೆ ಎಳೆದು ಕಟ್ಟಿದರೆ ಸುಲಭ ಎಂದು ಕೈ ತುರಿಸುತ್ತದೆ. ಎಳೆಯಬಾರದು. ಬೆಕ್ಕಿಗೆ ಆ ನರ ಗಿಡ್ಡ. ಈ ಕಣ್ಣನ್ನು ಜಗ್ಗಿದರೆ ಆ ಕಣ್ಣಿನ ದೃಷ್ಟಿ ಹೋಗುತ್ತದೆ. ಇದು ನನಗೆ ಅಂದು ಗೊತ್ತಿರಲಿಲ್ಲ. ಬೆಕ್ಕಿನ ಉಸಿರು ನಿಂತು ಬಂದ ಹೆದರಿಕೆಯಲ್ಲಿ ಜಗ್ಗಲು ಧೈರ್ಯವಾಗಲಿಲ್ಲ, ಅಷ್ಟೇ. ಬೆಕ್ಕಿನ ಬಲಗಣ್ಣು ಉಳಿದದ್ದು ನನ್ನ ಜ್ಞಾನದಿಂದಲ್ಲ, ಬೀರಮ್ಮನ ಪ್ರಸಾದದಿಂದ ಎಂದು ಯಾರಾದರೂ ವಾದಿಸಿದರೆ ನಾನು ಸೋಲೊಪ್ಪುತ್ತೇನೆ.

ತೊಟ್ಟು ಇದ್ದಲ್ಲೇ ರೇಷ್ಮೆ ದಾರ ಸುತ್ತಿ ಬಿಗಿದು ಕತ್ತರಿಸಿದೆ. ಕಣ್ಣಿನ ಗುಳಿಗೆ ಬಟ್ಟೆ ಒತ್ತಿ ರಕ್ತ ನಿಲ್ಲಿಸಿ, ರೆಪ್ಪೆಯ ಅಂಚು ಕತ್ತರಿಸಿ ಎರಡನ್ನೂ ಹೊಲಿದೆ. ಎದ್ದ ಮೇಲೆ ಕಾಲಿನಿಂದ ಕೆರೆದುಕೊಳ್ಳದಂತೆ ಅಡಿಕೆ ಹಾಳೆಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಕೊರಳಿಗೆ ತೊಡಿಸಿದೆವು. ಈಗ ಅದೇ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ. ಹಾಳೆಯ ಕೊರಳಪಟ್ಟಿ ಹಾಕಿಕೊಂಡ ಬೆಕ್ಕು ತೂರಾಡುತ್ತಾ ನಡೆದು ಕಂಬಕ್ಕೆ ಡಿಕ್ಕಿ ಹೊಡೆದು ಕೂತಾಗ ಊರಗೌಡರು ಮೊದಲ ಸಲ ನಕ್ಕರು. ಬಲಗಣ್ಣಿನ ಎದುರು ಹತ್ತಿಯ ಉಂಡೆ ಬಿಟ್ಟು ನೋಡಿದೆ. ಕಣ್ಣು ಉಂಡೆಯನ್ನು ಹಿಂಬಾಲಿಸಿತು.

ಆ ರಾತ್ರಿ ಅಂಕೋಲೆಯಲ್ಲೇ ಉಳಿದು ಮರುದಿನ ಬೆಳಿಗ್ಗೆ ನೋಡಲು ಹೋದೆವು. ಬೆಕ್ಕು ಒಲೆಯ ಪಕ್ಕ ಇತ್ತು. ಜ್ವರ ಇಳಿದಿತ್ತು. ಅಂಗಳಕ್ಕೆ ಶೇವಂತಿ ಬುಟ್ಟಿ ಹೊತ್ತು ಬಂದು ನಿಂತಳು. ಬೀರಮ್ಮ ಒಳಗಿನಿಂದ ಬಂದು, “ಎಂತ ನಿಂತ್ಕಂಡೆ, ಕುತ್ಗೆ ಮುರಿತದೆ,” ಎನ್ನುತ್ತಾ ಬುಟ್ಟಿಗೆ ಕೈ ಕೊಟ್ಟಳು. ಬುಟ್ಟಿ ಇಳಿಯಿತು. ಒಂದು ಬಂಗಡೆಯನ್ನು ಶೇವಂತಿ ಬೆಕ್ಕಿಗೆಂದು ಪಕ್ಕಕ್ಕೆ ತೆಗೆದಿಟ್ಟಳು.

ಕಾರವಾರದಲ್ಲಿ ರಾವಸಾಹೇಬರು ಕಾಯುತ್ತಿದ್ದರು, ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು. “ಬೆಕ್ಕಿಗೆ ಸರ್ಕಾರದ ಕ್ಲೋರೋಫಾರ್ಮ್? ಯಾರ ಅಪ್ಪಣೆ?”

“ದೇವರದು, ಸಾಹೇಬರೇ,” ಎಂದ ಪೇದ್ರು, ನಾನು ಬಾಯಿ ತೆರೆಯುವ ಮೊದಲೇ.

ಎಲ್ಲವನ್ನೂ ಕೇಳಿಸಿಕೊಂಡು ರಾವಸಾಹೇಬರು ಹಲ್ಲುನೋವಿನಲ್ಲೇ ನಕ್ಕರು. ಮುಂದಿನ ವಾರ ಕ್ಲಬ್ಬಿನಲ್ಲಿ ‘ನಮ್ಮ ಹುಡುಗ ಮಾಡಿದ’ ಎಂದು ಹೇಳಿದರಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ‘ನಾವು ಮಾಡಿದೆವು’ ಆಗಿತ್ತು. ಅವರು ಬೆಳಗಾವಿಗೆ ವರ್ಗವಾಗುವಾಗ ಕಥೆಯಲ್ಲಿ ಕುದುರೆಯೂ ಬಂದಿತ್ತು. ನನಗೆ ಬೇಸರವಿಲ್ಲ. ಬೆಕ್ಕು ಜನಾವರವೆಂದು ಅವರು ಒಪ್ಪಿದ್ದೇ ನನ್ನ ಗೆಲುವು.

ಆಮೇಲೆ ಬೆಕ್ಕುಗಳು ಬರತೊಡಗಿದವು. ಅಮದಳ್ಳಿಯಿಂದ ಒಂದು ಗಂಡುಬೆಕ್ಕು, ಜಗಳದಲ್ಲಿ ಕಣ್ಣು ಕಳೆದುಕೊಂಡದ್ದು. ಕಾರವಾರದ ಬಂದರಿನಿಂದ ಮಚವೆ ಎಂಬ ಹಾಯಿಹಡಗಿನ ಒಂದು ಬೆಕ್ಕು. ವಿಧಾನವೂ ಬದಲಾಯಿತು. ಕೀವಿದ್ದರೆ ಮೊದಲು ರೆಪ್ಪೆಗಳನ್ನೇ ಒಟ್ಟಿಗೆ ಹೊಲಿದು, ಅದರ ಹೊರಗಿನಿಂದ ಸುತ್ತ ಕತ್ತರಿಸಿ, ಎಲ್ಲವನ್ನೂ ಒಂದು ಗಂಟಾಗಿ ತೆಗೆಯುವುದನ್ನು ಕಲಿತೆ. ಕೀವು ಗಾಯಕ್ಕೆ ಸೋರುವುದಿಲ್ಲ. ಮುಂದೆ ಕ್ಲೋರೋಫಾರ್ಮ್ ಹೋಗಿ ಸೂಜಿಯ ಮದ್ದು ಬಂತು. ಆದರೆ ಬೆಕ್ಕು ಕಟ್ಟಲು ಗೋಣಿಯ ಮುಡಿಗಿಂತ ಒಳ್ಳೆಯದನ್ನು ನಾನು ಎಲ್ಲಿಯೂ ಕಾಣಲಿಲ್ಲ. ಪೇದ್ರು ಅದನ್ನು ಕಲಿತು ಕೊನೆಯವರೆಗೂ ತನ್ನದೇ ಎಂದು ಹೇಳಿಕೊಂಡ.

ಕೆಲವು ವರ್ಷಗಳ ಮೇಲೆ ನನಗೂ ಘಟ್ಟದ ಮೇಲೆ ವರ್ಗವಾಯಿತು. ಹೋಗುವ ಮೊದಲು ಒಮ್ಮೆ ಬೆಳಂಬಾರಕ್ಕೆ ಹೋದೆ. ಬೀರಮ್ಮನೂ ಶೇವಂತಿಯೂ ಜಗಲಿಯಲ್ಲಿ ಕುಳಿತು ಎಲೆ ಹಾಕುತ್ತಾ ಮೂರನೆಯ ಯಾರನ್ನೋ ಆಡಿಕೊಳ್ಳುತ್ತಿದ್ದರು. ಒಕ್ಕಣ್ಣಿನ ಬೆಕ್ಕು ಮುದಿಯಾಗಿತ್ತು. ಈಗ ಕದಿಯುವುದು ಅದರ ಮರಿಗಳ ಕೆಲಸ ಎಂದು ಶೇವಂತಿ ದೂರಿದಳು. ಬೀರಮ್ಮ, “ನಿನ್ನ ಬೇಲಿ ಹಾಗಿದ್ರೆ ನಮ್ಮ ಮರಿ ಎಂತ ಮಾಡ್ತದೆ,” ಎಂದಳು. ನನಗೆ ಎಳನೀರು ಬಂತು.

ಅವರಿಬ್ಬರ ನಗು ನೋಡುತ್ತಿದ್ದಂತೆ ಒಂದು ಸಂಶಯ ತಲೆ ಎತ್ತಿತು. ಅಂದು ಬೆಕ್ಕು ಸತ್ತಿದ್ದರೆ ಕೊಪ್ಪದ ಅಂಗಳಗಳು ಶೇವಂತಿಗೆ ನಿಜವಾಗಿ ಮುಚ್ಚುತ್ತಿದ್ದವೇ? ಬೆಕ್ಕು ಬದುಕಿತು, ಪ್ರಶ್ನೆ ಮುಗಿಯಿತು ಎಂದು ಎಲ್ಲರೂ ಮನೆಗೆ ಹೋಗಿದ್ದರು. ನನ್ನ ದೃಷ್ಟಿಯಲ್ಲಿ ಪ್ರಶ್ನೆ ಮುಗಿದಿರಲಿಲ್ಲ, ಅದಕ್ಕೆ ಉತ್ತರ ಕೊಡುವ ಗರಜು ಯಾರಿಗೂ ಬೀಳಲಿಲ್ಲ, ಅಷ್ಟೇ. ಕೇಳಬಾರದಿತ್ತೇನೋ. ಕೇಳಿಬಿಟ್ಟೆ. ಸುಣ್ಣ ಹಚ್ಚುತ್ತಿದ್ದ ಶೇವಂತಿಯ ಬೆರಳು ನಿಂತಿತು. ಅವಳೂ ತಲೆ ಎತ್ತಿ ಬೀರಮ್ಮನ ಮುಖವನ್ನೇ ನೋಡಿದಳು.

“ಬೀರಮ್ಮ, ಅಂದು ಬೆಕ್ಕು ಏಳದೇ ಹೋಗಿದ್ದರೆ, ಇವಳ ಕೈಯ ಮೀನು ನೀವು ತಿನ್ನುತ್ತಿದ್ದಿರಾ?”